ಮ್ಯಾಡ್ರಿಡ್‌ನ ಬಯಲು ಶಿಲ್ಪ ಸಂಗ್ರಹಾಲಯದ ಅಮೂರ್ತ ಶಿಲ್ಪಗಳನ್ನು ನೋಡುವುದು ಹೇಗೆ?

ವಿಜಯಪುರದವರಾದ ನಿಮಗೆ ಇದರ ಅಭ್ಯಾಸವಿದೆ, ಬಿಡಿ. ನಿಮ್ಮೂರಿನ ಅರ್ಧಕ್ಕೆ ನಿಂತ ಸಮಾಧಿ ಕಟ್ಟಡ ಬಾರಾ ಕಮಾನಿನ ಮುಂದೆ ನಿಂತು ಯಾರೂ ‘ಇದರ ಅರ್ಥವೇನು’ ಎಂದು ಕೇಳುವುದಿಲ್ಲ. ಕಮಾನುಗಳನ್ನೂ ಅವುಗಳ ನಡುವಿನ ಆಕಾಶವನ್ನೂ ಒಟ್ಟಿಗೆ ನೋಡುತ್ತೇವೆ. ಅಲ್ಲಿಯೂ ಹಾಗೆಯೇ ನೋಡಿ.

ಜಾಗವಿರುವುದು ಕಾಸ್ತೆಯಾನಾ ರಸ್ತೆಯ ಮೇಲ್ಸೇತುವೆಯ ಕೆಳಗೆ. ಟಿಕೆಟ್ ಇಲ್ಲ. ರೂಬೆನ್ ದಾರಿಯೊ ಮೆಟ್ರೊ ನಿಲ್ದಾಣ ಹತ್ತಿರ. ಮೊದಲು ಎದುವಾರ್ದೊ ಚಿಯೀದಾ ಅವರ ಕಾಂಕ್ರೀಟ್ ಶಿಲ್ಪಕ್ಕೆ ಹೋಗಿ. 6 ಟನ್‌ಗೂ ಹೆಚ್ಚು ಭಾರದ ಅದು ಉಕ್ಕಿನ ಹಗ್ಗಗಳಲ್ಲಿ ತೂಗುತ್ತದೆ. ಸೇತುವೆ ತಾಳಲಾರದೆಂದು ನಗರಾಡಳಿತ ತಡೆದದ್ದರಿಂದ ಅದನ್ನು ನೇತುಹಾಕಲು 1978ರವರೆಗೆ ಕಾಯಬೇಕಾಯಿತು! ಸುತ್ತಲೂ ನಡೆದು, ಬಗ್ಗಿ, ಕೆಳಗಿನ ಖಾಲಿ ಜಾಗವನ್ನೂ ಗಮನಿಸಿ. ಸ್ಪೇನಿನ ಕಲಾವಿದ ಜೋನ್ ಮೀರೊ ಅವರ ಕಂಚಿನ ಶಿಲ್ಪವೂ ಅಲ್ಲಿದೆ.

ಹೆಸರಿನ ಫಲಕವನ್ನು ಕೊನೆಗೆ ಓದಿ. ಚಿಯೀದಾ ಶಿಲ್ಪವನ್ನು ‘ದಡಕ್ಕೆ ಸಿಲುಕಿದ ಮತ್ಸ್ಯಕನ್ಯೆ’ ಎನ್ನುತ್ತಾರೆಂದು ಮೊದಲೇ ತಿಳಿದರೆ ಬಾಲ ಹುಡುಕುತ್ತಲೇ ಹೊತ್ತು ಹೋಗುತ್ತದೆ. ಅಯ್ಯೋ, ನಾನೇ ಹೇಳಿಬಿಟ್ಟೆ.