ಓದುಗರ ಪ್ರಶ್ನೆ: ನಗರದ ಕೆಲಸದ ಲೆಕ್ಕ

ನಿರುದ್ಯೋಗ ದರ ಇಳಿದಿದೆ ಎಂದು ಪೇಪರಿನಲ್ಲಿ ಬಂದಿದೆ. ರಾಜಾಜಿನಗರದ ನಮ್ಮ ಬೀದಿಯಲ್ಲೇ ಡಿಗ್ರಿ ಮುಗಿಸಿದ ಮೂವರು ಮನೆಯಲ್ಲಿದ್ದಾರೆ. ಯಾವುದನ್ನು ನಂಬುವುದು?

ಎರಡೂ ನಿಜವಿರಬಹುದು. ನಿರುದ್ಯೋಗ ದರ ತೆಗೆಯುವಾಗ ಊರಿನ ಎಲ್ಲರನ್ನೂ ಎಣಿಸುವುದಿಲ್ಲ. ದುಡಿಯುತ್ತಿರುವವರು ಮತ್ತು ಕೆಲಸ ಹುಡುಕುತ್ತಿರುವ, ಸಿಕ್ಕರೆ ಮಾಡಲು ಸಿದ್ಧರಿರುವವರು ಮಾತ್ರ ಲೆಕ್ಕಕ್ಕೆ ಬರುತ್ತಾರೆ. ಒಂದು ಬಡಾವಣೆಯಲ್ಲಿ 15 ವರ್ಷ ತುಂಬಿದ 1,000 ಮಂದಿ ಇದ್ದಾರೆನ್ನಿ. ಅವರಲ್ಲಿ 500 ಮಂದಿ ದುಡಿಯುತ್ತಾರೆ, 30 ಮಂದಿ ಕೆಲಸ ಹುಡುಕುತ್ತಿದ್ದಾರೆ. 30ನ್ನು 530ರಿಂದ ಭಾಗಿಸಿದರೆ ದರ ಶೇ 5.7. ಆ 30ರಲ್ಲಿ 10 ಮಂದಿ ಎಂ.ಎ.ಗೆ ಸೇರಿದರು, ಇಲ್ಲವೇ ಮಗು ನೋಡಿಕೊಳ್ಳಲು ಮನೆಯಲ್ಲೇ ಉಳಿದರು ಎನ್ನಿ. ಈಗ 20ನ್ನು 520ರಿಂದ ಭಾಗಿಸಬೇಕು: ಶೇ 3.8. ಒಂದೇ ಒಂದು ಕೆಲಸ ಹುಟ್ಟಲಿಲ್ಲ, ದರ ಮಾತ್ರ ಇಳಿಯಿತು! ಆದರೆ ಸಾವಿರ ಮಂದಿಯಲ್ಲಿ ದುಡಿಯುವವರ ಪ್ರಮಾಣ ಎರಡೂ ಸಲ ಶೇ 50. ಸುದ್ದಿಯಲ್ಲಿ ಮೊದಲು ಹುಡುಕಬೇಕಾದದ್ದು ಈ ಅಂಕಿಯನ್ನೇ. ಸಾಮಾನ್ಯವಾಗಿ ಅದು ಕೊನೆಯ ಪ್ಯಾರಾದಲ್ಲಿರುತ್ತದೆ, ಇದ್ದರೆ.

ಬೆಂಗಳೂರಿನದ್ದೇ ದರ ತಿಂಗಳು ತಿಂಗಳು ಬರುತ್ತದೆಯೇ?

ಇಲ್ಲ. ಕೇಂದ್ರದ ಪಿಎಲ್‌ಎಫ್‌ಎಸ್ (ಆವರ್ತಕ ಕಾರ್ಮಿಕ ಬಲ) ಸಮೀಕ್ಷೆಯ ಮಾಸಿಕ ವರದಿ ಇಡೀ ದೇಶದ್ದು. 2025ರ ಏಪ್ರಿಲ್‌ನಲ್ಲಿ ದೇಶದ ನಿರುದ್ಯೋಗ ದರ ಶೇ 5.1, ನಗರ ಪ್ರದೇಶದಲ್ಲಿ 6.5 ಇತ್ತು. ರಾಜ್ಯಗಳ ಅಂಕಿ ತ್ರೈಮಾಸಿಕ ವರದಿಯಲ್ಲಿ ಸಿಗುತ್ತದೆ. ಯಾರಾದರೂ ‘ಬೆಂಗಳೂರಿನ ದರ’ ಎಂದರೆ ಮೂಲ ಕೋಷ್ಟಕ ತೆಗೆದು ನೋಡಿ. ಕರ್ನಾಟಕದ ನಗರ ಪ್ರದೇಶದ ಅಂಕಿಯಾದರೆ ಹುಬ್ಬಳ್ಳಿ, ಕಲಬುರಗಿಗಳೂ ಅದರೊಳಗಿವೆ.

ನನ್ನ ತಮ್ಮ ವಾರಕ್ಕೆ ಎರಡು ಸಂಜೆ ಫುಡ್ ಡೆಲಿವರಿ ಮಾಡುತ್ತಾನೆ. ಅವನು ನಿರುದ್ಯೋಗಿಯೇ?

ಅಲ್ಲ. ಮಾಸಿಕ ದರಕ್ಕೆ ಬಳಸುವ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದರೂ ಉದ್ಯೋಗಿಯೇ. ಪೆಟ್ರೋಲ್ ಕಳೆದು ಕೈಗೆಷ್ಟು ಉಳಿಯಿತೆಂಬುದು ಈ ದರಕ್ಕೆ ಬೇಕಿಲ್ಲ.

ಪಿಎಫ್‌ಗೆ ಹೊಸದಾಗಿ ಸೇರಿದವರೆಂದು ತಿಂಗಳು ತಿಂಗಳು ಬರುವ ಸಂಖ್ಯೆಯೆಲ್ಲ ಹೊಸ ಉದ್ಯೋಗವೇ?

ಹಾಗೆ ಓದಿದರೆ ಮೋಸಹೋಗುತ್ತೀರಿ. ಪಿಎಫ್ ಕಾನೂನು ಸಾಮಾನ್ಯವಾಗಿ ಕಡ್ಡಾಯವಾಗುವುದು 20 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಗೆ. ಪೀಣ್ಯದಲ್ಲಿ 19 ಮಂದಿಯ ವರ್ಕ್‌ಶಾಪೊಂದು ಒಬ್ಬ ಹೆಲ್ಪರ್‌ನನ್ನು ಸೇರಿಸಿಕೊಂಡಿತೆನ್ನಿ. ಅಲ್ಲಿಯವರೆಗೆ ಯಾರಿಗೂ ಪಿಎಫ್ ಇರದಿದ್ದರೆ ಇಪ್ಪತ್ತೂ ಮಂದಿ ಹೊಸ ಸದಸ್ಯರಾಗಬಹುದು. ಹುಟ್ಟಿದ್ದು ಒಂದೇ ಕೆಲಸ. ಮಾಲೀಕರು ಚಲನ್ ತಡವಾಗಿ ಸಲ್ಲಿಸುವುದರಿಂದ ಹಳೆಯ ತಿಂಗಳ ಅಂಕಿಗಳೂ ಬದಲಾಗುತ್ತಲೇ ಇರುತ್ತವೆ. ಹೊಚ್ಚ ಹೊಸ ತಿಂಗಳದ್ದನ್ನು ಬಿಟ್ಟು, ಆರು ತಿಂಗಳ ಹಿಂದಿನದು ಈಗಿನ ಪಟ್ಟಿಯಲ್ಲಿ ಎಷ್ಟಾಗಿದೆ ಎಂದು ನೋಡಿ.