ಕಾರಿನ ಆಂಡ್ರಾಯ್ಡ್ ಆಟೋ ನಾನು ಹೇಳಿದ ಊರನ್ನು ತಪ್ಪಾಗಿ ಕೇಳಿಸಿಕೊಳ್ಳುತ್ತದೆ, ದಾರಿಯನ್ನೂ ತಪ್ಪು ತೋರಿಸುತ್ತದೆ. ಏನು ಮಾಡಬೇಕು?

ಫೋನನ್ನು ಕಾರಿನ ಪರದೆಗೆ ಜೋಡಿಸುವ ಆಂಡ್ರಾಯ್ಡ್ ಆಟೋ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಎರಡು ದೂರುಗಳಿವೆ. ಸ್ಟೇರಿಂಗ್ ಮೇಲಿನ ಬಟನ್ ಒತ್ತಿ ‘ಸಿದ್ದಾಪುರ’ ಅಂದರೆ ಒಮ್ಮೆ ಏನೇನೋ ಕೇಳಿಸಿಕೊಳ್ಳುತ್ತದೆ, ಇನ್ನೊಮ್ಮೆ ಸರಿಯಾಗಿ ಕೇಳಿಸಿಕೊಂಡೂ ಬೇರೆ ಜಿಲ್ಲೆಯ ಸಿದ್ದಾಪುರಕ್ಕೆ ದಾರಿ ಹಾಕುತ್ತದೆ. ಎರಡನೆಯದು, ಫ್ಲೈಓವರ್ ಹತ್ತಿದ ಮೇಲೂ ಮ್ಯಾಪಿನ ಬಾಣ ಕೆಳಗಿನ ರಸ್ತೆಯಲ್ಲೇ ಓಡುತ್ತಿರುತ್ತದೆ. ಫೋನ್ ರೀಸೆಟ್ ಮಾಡಿ, ಆ್ಯಪ್ ತೆಗೆದು ಮತ್ತೆ ಹಾಕಿ ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ಕಿವಿಗೆ ಹಾಕಿಕೊಳ್ಳಬೇಡಿ. ಮೈಕ್ ಕೇಳಿಸಿಕೊಳ್ಳುವುದು, ಕೇಳಿದ್ದನ್ನು ಅಕ್ಷರಕ್ಕಿಳಿಸುವುದು, ಆ ಅಕ್ಷರಕ್ಕೆ ಹೊಂದುವ ಜಾಗ ಹುಡುಕುವುದು, ಕಾರು ಎಲ್ಲಿದೆಯೆಂದು ತಿಳಿಯುವುದು, ಈ ನಾಲ್ಕೂ ಬೇರೆ ಬೇರೆ ಕೆಲಸಗಳು. ಯಾವುದು ಕೈಕೊಟ್ಟಿದೆ ಎಂದು ಗೊತ್ತಿಲ್ಲದೆ ಸೆಟ್ಟಿಂಗ್ ಬದಲಿಸುತ್ತ ಹೋದರೆ ಸರಿಯಿದ್ದದ್ದೂ ಕೆಡುತ್ತದೆ.

ಹಾಗಾಗಿ ಮೊದಲ ಕೆಲಸ, ಯಂತ್ರ ನಿಮ್ಮ ಮಾತನ್ನು ಏನೆಂದು ಬರೆದುಕೊಂಡಿತು ಎಂದು ನೋಡುವುದು. ಮಾತಾಡಿದ ತಕ್ಷಣ ಕಾರಿನ ಪರದೆಯ ಮೇಲೆ ಆ ಸಾಲು ಒಂದು ಕ್ಷಣ ಕಾಣುತ್ತದೆ. ತಪ್ಪಿಹೋದರೆ ಗಾಡಿ ನಿಲ್ಲಿಸಿ ಫೋನಿನಲ್ಲಿ ಗೂಗಲ್ ಖಾತೆಯ ‘ಮೈ ಆ್ಯಕ್ಟಿವಿಟಿ’ ತೆರೆಯಿರಿ. ನಿಮ್ಮ ಫೋನಿನಲ್ಲಿ ಮಾತು ಕೇಳಿಸಿಕೊಳ್ಳುವ ಗೂಗಲ್ ಸಹಾಯಕ ಅಸಿಸ್ಟೆಂಟೋ ಜೆಮಿನೈಯೋ, ಅದರ ಚಟುವಟಿಕೆಯ ಪಟ್ಟಿಯಲ್ಲಿ ನೀವು ಹೇಳಿದ್ದು ಅಕ್ಷರರೂಪದಲ್ಲಿ ಉಳಿದಿರುತ್ತದೆ (ಚಟುವಟಿಕೆ ಉಳಿಸುವ ಸೆಟ್ಟಿಂಗ್ ಆನ್ ಇರಬೇಕು). ಬರೆದದ್ದೇ ತಪ್ಪಾಗಿದ್ದರೆ ತೊಂದರೆ ಮೈಕಿನದು ಅಥವಾ ಭಾಷೆಯದು. ಬರೆದದ್ದು ಸರಿಯಿದ್ದು ಜಾಗ ತಪ್ಪಾಗಿದ್ದರೆ ಮೈಕ್ ಮುಟ್ಟಲೇಬೇಡಿ, ತೊಂದರೆ ಹೆಸರಿನದು. ಏನೂ ಬರೆದಿಲ್ಲವೆಂದರೆ ಮಾತು ಅಲ್ಲಿಯವರೆಗೆ ಹೋಗಿಯೇ ಇಲ್ಲ: ಬಟನ್, ಅನುಮತಿ, ಇಲ್ಲವೇ ನೆಟ್‌ವರ್ಕ್.

ಬಟನ್ ವಿಷಯ ಸಣ್ಣದು, ಆದರೆ ಅನೇಕರು ಎಡವುವುದು ಅಲ್ಲೇ. ಹಲವು ಕಾರುಗಳಲ್ಲಿ ಬಟನ್ ಒಮ್ಮೆ ಒತ್ತಿ ಬಿಟ್ಟರೆ ಕಂಪನಿಯದೇ ಧ್ವನಿ ವ್ಯವಸ್ಥೆ ಏಳುತ್ತದೆ, ಒತ್ತಿ ಹಿಡಿದರೆ ಮಾತ್ರ ಫೋನಿನ ಗೂಗಲ್ ಏಳುತ್ತದೆ. ಕಂಪನಿಯ ವ್ಯವಸ್ಥೆಗೆ ನಿಗದಿತ ವಾಕ್ಯಗಳಷ್ಟೇ ಗೊತ್ತಿರುವುದುಂಟು, ಅದಕ್ಕೆ ಊರ ಹೆಸರು ಹೇಳಿ ಪ್ರಯೋಜನವಿಲ್ಲ. ಜೊತೆಗೆ ಗೂಗಲ್ ಆ್ಯಪ್‌ಗೆ ಮೈಕ್ರೊಫೋನ್ ಅನುಮತಿ ಇದೆಯೇ, ಫೋನ್ ಲಾಕ್ ಇದ್ದಾಗಲೂ ಆಂಡ್ರಾಯ್ಡ್ ಆಟೋ ಶುರುವಾಗುವ ಸೆಟ್ಟಿಂಗ್ ಆನ್ ಇದೆಯೇ ನೋಡಿ.

ಈಗ ಮೈಕ್. ಸುಲಭದ ಪರೀಕ್ಷೆ: ಗಾಡಿಯಲ್ಲಿ ಕೂತು ಕಾರಿನ ಮೂಲಕವೇ ಯಾರಿಗಾದರೂ ಕರೆ ಮಾಡಿ, ಎಸಿ ಫ್ಯಾನ್ ಒಂದರಲ್ಲಿಟ್ಟು ಸ್ವಲ್ಪ ಹೊತ್ತು, ನಾಲ್ಕರಲ್ಲಿಟ್ಟು ಸ್ವಲ್ಪ ಹೊತ್ತು ಮಾತಾಡಿ. ಆ ಕಡೆಯವರಿಗೆ ‘ಬಾವಿಯೊಳಗಿಂದ ಮಾತಾಡಿದ ಹಾಗಿದೆ’ ಅನಿಸಿದರೆ ಗೂಗಲ್ಲಿಗೂ ಹಾಗೇ ಕೇಳುತ್ತಿದೆ. ಕಂಪನಿ ಮೈಕ್ ಸಾಮಾನ್ಯವಾಗಿ ಚಾವಣಿಯಲ್ಲಿ, ಮುಂಭಾಗದ ಒಳದೀಪದ ಹತ್ತಿರ, ಸಣ್ಣ ತೂತುಗಳ ಹಿಂದೆ ಇರುತ್ತದೆ. ಎಸಿಯ ನಡುವಿನ ಕಿಂಡಿಗಳನ್ನು ಮೇಲ್ಮುಖ ಮಾಡಿಟ್ಟರೆ ಗಾಳಿ ನೇರವಾಗಿ ಅಲ್ಲಿಗೇ ಹೊಡೆಯುತ್ತದೆ. ಕಿಂಡಿಯನ್ನು ಎದೆಯ ಮಟ್ಟಕ್ಕೆ ತಿರುಗಿಸಿದರೆ, ಮಾತಾಡುವ ಐದು ಸೆಕೆಂಡ್ ಫ್ಯಾನ್ ಇಳಿಸಿದರೆ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಆ ತೂತುಗಳಿಗೆ ಕೂತ ಧೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಪಾಲಿಶ್ ಸ್ಪ್ರೇ ಬೇಡ.

ಹೊರಗೆ ಆ್ಯಕ್ಸೆಸರಿ ಅಂಗಡಿಯಲ್ಲಿ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದ್ದರೆ ಕಥೆ ಬೇರೆ. ಅದರ ಮುಖದ ಮೇಲೆ ಸೂಜಿಮೊನೆಯಷ್ಟು ತೂತಿನ ಒಳಮೈಕ್ ಇರುತ್ತದೆ. ಅದು ನಿಮ್ಮ ಬಾಯಿಂದ ದೂರ, ಸ್ಪೀಕರಿಗೂ ಎಸಿ ಕಿಂಡಿಗೂ ಹತ್ತಿರ. ಡಬ್ಬದಲ್ಲಿ 3.5 ಮಿ.ಮೀ. ಪಿನ್ನಿನ ಹೊರಮೈಕ್ ಬಂದಿದ್ದರೂ ಫಿಟ್ ಮಾಡುವವರು ಎಷ್ಟೋ ಸಲ ಅದನ್ನು ಹಾಕುವುದೇ ಇಲ್ಲ, ಹಾಕಿದರೂ ವೈರ್ ಸುತ್ತಿ ಡ್ಯಾಶ್‌ಬೋರ್ಡಿನ ಒಳಗೇ ಬಿಟ್ಟಿರುತ್ತಾರೆ. ಬಿಚ್ಚಿಸಿ ನೋಡಿ. ಸರಿಯಾದ ಜಾಗ ಸ್ಟೇರಿಂಗ್ ಕಾಲಮ್ಮಿನ ಮೇಲ್ಭಾಗ, ಇಲ್ಲವೇ ಡ್ರೈವರ್ ಬದಿ ಗಾಜಿನ ಪಕ್ಕದ ಕಂಬದಲ್ಲಿ, ತಲೆಯ ಮಟ್ಟಕ್ಕೆ. ಆ ಕಂಬದಲ್ಲಿ ಏರ್‌ಬ್ಯಾಗ್ ಇದ್ದರೆ ಸ್ಟೇರಿಂಗ್ ಕಾಲಮ್ಮೇ ಸರಿ, ಏರ್‌ಬ್ಯಾಗ್ ತೆರೆಯುವ ದಾರಿಗೆ ವೈರ್ ಅಡ್ಡ ಬರಬಾರದು. ಬಾಯಿಗೂ ಮೈಕಿಗೂ ಒಂದರಿಂದ ಒಂದೂವರೆ ಅಡಿ ಅಂತರವಿದ್ದರೆ ಚೆನ್ನ. ದೂರ ಎರಡು ಪಟ್ಟಾದರೆ ನಿಮ್ಮ ದನಿ 6 ಡೆಸಿಬೆಲ್ ಇಳಿಯುತ್ತದೆ, ಟಯರಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಸ್ಟೀರಿಯೊ ಸೆಟ್ಟಿಂಗ್‌ನಲ್ಲಿ ಮೈಕಿನ ಗೇನ್ (ದನಿ ಹಿಗ್ಗಿಸುವ ಮಟ್ಟ) ಇದ್ದರೆ ಪೂರ್ತಿ ಏರಿಸಬೇಡಿ. ದನಿ ಒಡೆದರೆ, ಮೆಲ್ಲಗೆ ಕೇಳುವುದಕ್ಕಿಂತ ಹೆಚ್ಚು ತಪ್ಪು ಬರುತ್ತದೆ.

ಆಂಡ್ರಾಯ್ಡ್ ಆಟೋ ಇಲ್ಲದೆ ಬರೀ ಬ್ಲೂಟೂತ್ ಮತ್ತು ಹೋಲ್ಡರಿನಲ್ಲಿ ಫೋನ್ ಇಟ್ಟು ಓಡಿಸುವವರೂ ಇದನ್ನು ಓದುತ್ತಿರಬಹುದು, ಅವರಿಗೊಂದು ಮಾತು. ಹಳೆಯ ಬ್ಲೂಟೂತ್ ಹ್ಯಾಂಡ್ಸ್‌ಫ್ರೀಯಲ್ಲಿ ಮೈಕಿನ ದನಿ ಸೆಕೆಂಡಿಗೆ 8,000 ತುಣುಕುಗಳಾಗಿ (ಸ್ಯಾಂಪಲ್) ಹೋಗುತ್ತದೆ. ಅಂದರೆ ಅದರ ಅರ್ಧ, 4 ಕಿಲೋಹರ್ಟ್ಜ್‌ಗಿಂತ ಮೇಲಿನ ತೀಕ್ಷ್ಣ ಸದ್ದು ಪೂರ್ತಿ ಕತ್ತರಿಸಿಹೋಗುತ್ತದೆ. ಸ, ಶ, ಫ ಇವುಗಳನ್ನು ಬೇರೆ ಮಾಡಿ ತೋರಿಸುವ ಸದ್ದಿನ ದೊಡ್ಡ ಪಾಲು ಅದರ ಮೇಲೇ ಇದೆ. ಹೊಸ ಕಾರುಗಳಲ್ಲಿ ಇದು 16,000ಕ್ಕೆ ಏರಿದೆ. ಕಾರು ಹಳೆಯದಾದರೆ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಆ ಕಾರಿನ ಹೆಸರಿನ ಮುಂದಿರುವ ಗುರುತು ಒತ್ತಿ ‘ಫೋನ್ ಕಾಲ್ಸ್’ ಆಫ್ ಮಾಡಿ, ‘ಮೀಡಿಯಾ ಆಡಿಯೊ’ ಹಾಗೇ ಬಿಡಿ. ಆಗ ಫೋನಿನ ಮೈಕೇ ಕೇಳಿಸಿಕೊಳ್ಳುತ್ತದೆ, ಅದು ಬಹಳ ಮೇಲು. ಕರೆಗಳು ಕಾರಿನ ಸ್ಪೀಕರಿಗೆ ಬರುವುದಿಲ್ಲ, ಅದೊಂದು ನಷ್ಟ.

ಭಾಷೆಯ ಬಗ್ಗೆ ನನ್ನ ಸಲಹೆ ಕನ್ನಡಾಭಿಮಾನಿಗಳಿಗೆ ರುಚಿಸಲಿಕ್ಕಿಲ್ಲ. ಕಾರಿನಲ್ಲಿ ಆದೇಶ ಕೊಡಲು ಭಾಷೆಯನ್ನು ‘ಇಂಗ್ಲಿಷ್ (ಇಂಡಿಯಾ)’ ಎಂದಿಡಿ, ದಾರಿ ಹೇಳುವ ದನಿಯನ್ನು ಕನ್ನಡದಲ್ಲಿಡಿ. ಇವೆರಡೂ ಬೇರೆ ಬೇರೆ ಸೆಟ್ಟಿಂಗ್, ಒಂದು ಬದಲಿಸಿದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ‘ಇಂಗ್ಲಿಷ್ (ಯುಎಸ್)’ ಇದ್ದರೆ ಮಾತ್ರ ತಪ್ಪದೆ ಬದಲಿಸಿ, ನಮ್ಮ ಊರುಗಳ ಹೆಸರನ್ನು ಅದು ಹಿಂಡಿ ಹಿಪ್ಪೆ ಮಾಡುತ್ತದೆ. ‘ನ್ಯಾವಿಗೇಟ್ ಟು’ ಅಂದು, ನಡುವೆ ‘ಅದೂ... ಆ...’ ಎಂದು ನಿಲ್ಲದೆ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ. ನಿಲ್ಲಿಸಿದರೆ ಮಾತು ಮುಗಿಯಿತೆಂದುಕೊಂಡು ಅರ್ಧ ಹೆಸರಿಗೇ ಹುಡುಕಲು ಹೊರಡುತ್ತದೆ. ಬೀಪ್ ಬರುವ ಮೊದಲೇ ಶುರುಮಾಡಿದರೆ ಮೊದಲ ಪದ ಹೋಗಿಬಿಡುತ್ತದೆ. ಐಫೋನಿನವರಿಗೆ: ಐಒಎಸ್ 18ರಿಂದ ಸಿರಿ, ಭಾರತೀಯ ಇಂಗ್ಲಿಷಿನ ಜೊತೆ ಕನ್ನಡ ಬೆರೆಸಿದರೂ ತಿಳಿದುಕೊಳ್ಳುತ್ತದೆ. ಆದರೆ ಕಾರ್‌ಪ್ಲೇಯಲ್ಲಿ (ಆಂಡ್ರಾಯ್ಡ್ ಆಟೋಗೆ ಸಮನಾದ ಐಫೋನಿನ ವ್ಯವಸ್ಥೆ) ಅದು ಆ್ಯಪಲ್ ಮ್ಯಾಪನ್ನೇ ತೆರೆಯುತ್ತದೆ, ಗೂಗಲ್ ಬೇಕಿದ್ದರೆ ‘ಯೂಸಿಂಗ್ ಗೂಗಲ್ ಮ್ಯಾಪ್ಸ್’ ಅಂತ ಕೊನೆಯಲ್ಲಿ ಸೇರಿಸಬೇಕು.

ಇನ್ನು ನಿಮ್ಮ ಸಿದ್ದಾಪುರ. ಉತ್ತರ ಕನ್ನಡದಲ್ಲಿ ಒಂದು, ಉಡುಪಿ ಜಿಲ್ಲೆಯ ಕುಂದಾಪುರದ ಕಡೆ ಒಂದು, ಕೊಡಗಿನಲ್ಲಿ ಒಂದು, ಬೆಂಗಳೂರಿನ ಜಯನಗರದ ಪಕ್ಕ ಒಂದು. ಗೂಗಲ್ ನೀವಿರುವ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಆರಿಸುತ್ತದೆ, ಹಾಗಾಗಿ ಬೆಂಗಳೂರಿನಿಂದ ಹೊರಟಾಗ ಒಂದು, ಶಿರಸಿಯಿಂದ ಹೊರಟಾಗ ಇನ್ನೊಂದು ಬಂದರೆ ಆಶ್ಚರ್ಯವಿಲ್ಲ. ಊರಿನ ಹೆಸರಿಗೆ ಜಿಲ್ಲೆಯ ಹೆಸರನ್ನೂ ಅಂಟಿಸಿ ಹೇಳಿ: ‘ಸಿದ್ದಾಪುರ ಉತ್ತರ ಕನ್ನಡ’. ನವೆಂಬರ್ 1, 2014ರಂದು 12 ಊರುಗಳ ಹೆಸರು ಬದಲಾದ ಮೇಲೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ಬಿಜಾಪುರ ವಿಜಯಪುರವಾಯಿತು, ಆದರೆ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೇ ಒಂದು ವಿಜಯಪುರ ಇದೆ. ಹಳೆಯ ಹೆಸರೇ ವಾಸಿ ಎಂದು ‘ಬಿಜಾಪುರ’ ಅಂದರೆ ಛತ್ತೀಸ್‌ಗಢದಲ್ಲೂ ಒಂದಿದೆ. ಅಂಥಲ್ಲಿ ಊರಿನ ಬದಲು ಊರಿನ ಗುರುತು ಹೇಳುವುದೇ ಒಳ್ಳೆಯದು: ‘ಗೋಲ್ ಗುಂಬಜ್’ ಎಂದರೆ ಗೊಂದಲವೇ ಇಲ್ಲ. ಬೆಂಗಳೂರಿನ ‘ನಾಲ್ಕನೇ ಕ್ರಾಸ್, ಎರಡನೇ ಮೇನ್’ ಅನ್ನುವ ವಿಳಾಸವನ್ನಂತೂ ಧ್ವನಿಯಲ್ಲಿ ಹೇಳಲೇಬೇಡಿ. ಪ್ರತಿ ಬಡಾವಣೆಯಲ್ಲೂ ಅದಿದೆ. ಹತ್ತಿರದ ದೇವಸ್ಥಾನ, ಶಾಲೆ ಅಥವಾ ಬಸ್ ಸ್ಟಾಪು ಮತ್ತು ಬಡಾವಣೆಯ ಹೆಸರು ಹೇಳಿ.

ಪದೇಪದೇ ಹೋಗುವ ಜಾಗಕ್ಕೆ ಲೇಬಲ್ ಹಾಕಿಡಿ. ಮನೆಯಲ್ಲಿ ಕೂತು ಮ್ಯಾಪಿನಲ್ಲಿ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಕೆಂಪು ಪಿನ್ ಬೀಳುತ್ತದೆ, ಕೆಳಗಿನ ಪಟ್ಟಿ ಎಳೆದರೆ ‘ಲೇಬಲ್’ ಎಂಬುದು ಸಿಗುತ್ತದೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಬೇರೆ ಊರಿಗಾಗಲಿ ಅಂಗಡಿಗಾಗಲಿ ಇಲ್ಲದ ಹೆಸರಾಗಲಿ. ಅಜ್ಜನ ಮನೆ ತೋಟದ ಮಧ್ಯೆ ಇದ್ದರೆ ಪಿನ್ನನ್ನು ಮನೆಯ ಮೇಲಲ್ಲ, ಗಾಡಿ ತಿರುಗುವ ಗೇಟಿನ ಮೇಲೆ ಹಾಕಿ. ಪಿನ್ನಿಗೆ ಹತ್ತಿರದ ರಸ್ತೆ ಯಾವುದೋ ಅಲ್ಲಿಗೆ ದಾರಿ ಮುಗಿಸುವುದು ಮ್ಯಾಪಿನ ಸ್ವಭಾವ, ಆ ಹತ್ತಿರದ ರಸ್ತೆ ಹೊಳೆಯ ಆಚೆ ದಡದ್ದೂ ಆಗಿರಬಹುದು.

ಶಿರಾಡಿ, ಚಾರ್ಮಾಡಿ, ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ನೆಟ್‌ವರ್ಕ್ ಹೋಗುವ ಕಡೆ ಧ್ವನಿಯಿಂದ ಜಾಗ ಹುಡುಕುವ ಆಸೆ ಬಿಡಿ. ಹೊರಡುವ ಮೊದಲು ವೈಫೈಯಲ್ಲಿ ಆ ಪ್ರದೇಶದ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡು, ನೆಟ್‌ವರ್ಕ್ ಇರುವಾಗಲೇ ದಾರಿ ಶುರುಮಾಡಿ. ಆಫ್‌ಲೈನಿನಲ್ಲಿ ಕಾರಿನ ದಾರಿ ಸಿಗುತ್ತದೆ, ಟ್ರಾಫಿಕ್ ಮತ್ತು ಪರ್ಯಾಯ ದಾರಿ ಸಿಗುವುದಿಲ್ಲ. ಮಳೆಗಾಲದಲ್ಲಿ ಘಾಟಿ ಬಂದ್ ಆಗಿದ್ದರೆ ಅದು ಹೇಳುವುದಿಲ್ಲ ಎಂಬುದನ್ನು ನೆನಪಿಡಿ.

ಫ್ಲೈಓವರಿನ ವಿಷಯಕ್ಕೆ ಬರೋಣ. ಬೆಂಗಳೂರಿನ ರಾಗಿಗುಡ್ಡ–ಸಿಲ್ಕ್ ಬೋರ್ಡ್ ಮೇಲ್ಸೇತುವೆಯ ಮೇಲೂ ಅದರ ಕೆಳಗಿನ ರಸ್ತೆಯಲ್ಲೂ ಅಕ್ಷಾಂಶ ರೇಖಾಂಶ ಒಂದೇ. ಜಿಪಿಎಸ್ ಎತ್ತರವನ್ನೂ ಕೊಡುತ್ತದೆ, ಆದರೆ ಎತ್ತರದಲ್ಲಿ ಅದರ ತಪ್ಪು ಅಕ್ಷಾಂಶ ರೇಖಾಂಶದ ತಪ್ಪಿಗಿಂತ ಹೆಚ್ಚು. ಹಾಗಾಗಿ ನೀವು ರ‍್ಯಾಂಪ್ ಹತ್ತಿದಿರೋ ಇಲ್ಲವೋ ಎಂಬುದನ್ನು ಆ್ಯಪ್ ರ‍್ಯಾಂಪಿನ ಬಾಯಲ್ಲೇ ಊಹಿಸಬೇಕು. ಅಲ್ಲಿ ತಪ್ಪಿದರೆ ಫ್ಲೈಓವರ್ ಇಳಿಯುವವರೆಗೂ ಕೆಳಗಿನ ತಿರುವುಗಳನ್ನೇ ಹೇಳುತ್ತಿರುತ್ತದೆ, ಇಳಿದ ಮೇಲೆ ತಾನೇ ಸರಿಹೋಗುತ್ತದೆ. ಇದಕ್ಕೆ ಪೂರ್ತಿ ಮದ್ದಿಲ್ಲ. 2024ರ ಜುಲೈಯಲ್ಲಿ ಗೂಗಲ್ ಭಾರತದ 40 ನಗರಗಳಿಗೆ ‘ಫ್ಲೈಓವರ್ ಹತ್ತಿ’ ಎಂಬ ಸೂಚನೆ ತಂದಿದೆ, ಮ್ಯಾಪ್ ಮತ್ತು ಆಂಡ್ರಾಯ್ಡ್ ಆಟೋ ಎರಡನ್ನೂ ಅಪ್‌ಡೇಟ್ ಮಾಡಿಕೊಳ್ಳಿ. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಗೆ ಹತ್ತಿಸುವುದೇ ಇಲ್ಲ ಎಂದಾದರೆ ಮಾತ್ರ ಕಾರಣ ಬೇರೆ: ರೂಟ್ ಆಯ್ಕೆಯಲ್ಲಿ ‘ಅವಾಯ್ಡ್ ಟೋಲ್ಸ್’ ಆನ್ ಇರುತ್ತದೆ. ಆ ಸೇತುವೆಗೆ ಟೋಲ್ ಇದೆಯಲ್ಲ.

ಬಯಲು ರಸ್ತೆಯಲ್ಲೂ ಬಾಣ ಪಕ್ಕದ ರಸ್ತೆಗೆ ಹಾರುತ್ತಿದ್ದರೆ ಸಿಗ್ನಲ್ ತೊಂದರೆ. ಮೊದಲ ಆರೋಪಿ ಡ್ಯಾಶ್‌ಕ್ಯಾಮ್. ಅಗ್ಗದ ಕ್ಯಾಮೆರಾಗಳೂ ಅವುಗಳ ಚಾರ್ಜರುಗಳೂ ಜಿಪಿಎಸ್‌ನ 1575.42 ಮೆಗಾಹರ್ಟ್ಜ್ ಸುತ್ತ ಗದ್ದಲ ಎಬ್ಬಿಸುವುದುಂಟು. ಕ್ಯಾಮೆರಾದ ವೈರ್ ಕಿತ್ತು ಹತ್ತು ನಿಮಿಷ ಓಡಿಸಿ ನೋಡಿ, ವ್ಯತ್ಯಾಸ ಕಂಡರೆ ಕಳ್ಳ ಸಿಕ್ಕಿದ. ಆಮೇಲೆ ಲೋಹದ ಅಂಶವಿರುವ ಸನ್ ಫಿಲ್ಮ್. ಆಮೇಲೆ ಫೋನ್ ಇಡುವ ಜಾಗ: ಆರ್ಮ್‌ರೆಸ್ಟ್ ಡಬ್ಬದ ಒಳಗಿಟ್ಟರೆ ಆಕಾಶ ಕಾಣುವುದಿಲ್ಲ, ವೈರ್‌ಲೆಸ್ ಚಾರ್ಜರಿನ ಮೇಲಿಟ್ಟರೆ ಬಿಸಿಯಾಗಿ ನಿಧಾನವಾಗುತ್ತದೆ. ಹೊರಗಿನ ಸ್ಟೀರಿಯೊ ಆದರೆ ಅದರ ಚೌಕದ ಜಿಪಿಎಸ್ ಆ್ಯಂಟೆನಾವನ್ನು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನ ಅಡಿ ಇಡಬಹುದು, ಕಬ್ಬಿಣದ ಅಡ್ಡಪಟ್ಟಿಯ ಅಡಿ ಬೇಡ. ಮಟ್ಟವಾಗಿ, ಮುಖ ಮೇಲೆ ಮಾಡಿ ಇಡಬೇಕು, ಮ್ಯಾಗ್ನೆಟ್ ಇರುವ ಬದಿ ಕೆಳಗೆ. ಫೋನಿನಲ್ಲಿ ಮ್ಯಾಪ್ ಆ್ಯಪ್‌ಗೆ ‘ಪ್ರಿಸೈಸ್’ ಲೊಕೇಶನ್ ಅನುಮತಿ ಇರಲಿ, ಬ್ಯಾಟರಿ ಸೇವರ್ ಆಫ್ ಇರಲಿ. ಮುಂದೆ ಫೋನ್ ಕೊಳ್ಳುವಾಗ ಎಲ್5 ಬ್ಯಾಂಡ್ (ಜಿಪಿಎಸ್‌ನ ಇನ್ನೊಂದು ತರಂಗ) ಇದೆಯೇ ಕೇಳಿ. ಎತ್ತರದ ಕಟ್ಟಡಗಳಿಗೆ ಬಡಿದು ಬರುವ ಸಿಗ್ನಲ್ಲಿನ ತಪ್ಪನ್ನು ಅದು ಚೆನ್ನಾಗಿ ಕಳೆಯುತ್ತದೆ, ಜಿಪಿಎಸ್‌ನಂತೆ ಜಾಗ ತಿಳಿಸುವ ನಮ್ಮ ದೇಶದ ನಾವಿಕ್ ಉಪಗ್ರಹಗಳೂ ಅದರಲ್ಲೇ ಪ್ರಸಾರ ಮಾಡುತ್ತವೆ.

ಸಂಪರ್ಕವೇ ಆಗಾಗ ಕಡಿದುಹೋಗುತ್ತಿದ್ದರೆ ಮೂರು ಅಡಿಯೊಳಗಿನ, ಡೇಟಾ ಹೋಗುವ ಒಳ್ಳೆಯ ಯುಎಸ್‌ಬಿ ಕೇಬಲ್ ಹಾಕಿ. ಅದಕ್ಕೂ ಮೊದಲು ಫೋನಿನ ಚಾರ್ಜಿಂಗ್ ತೂತಿನಲ್ಲಿ ಜೇಬಿನ ನೂಲುಪುಡಿ ಕೂತಿದೆಯೇ ನೋಡಿ, ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ವೈರ್‌ಲೆಸ್ ಆದರೆ ವಿಪಿಎನ್ ಆ್ಯಪ್ ಆಫ್ ಮಾಡಿ.

ಕೊನೆಯದು ಕನ್ನಡದ ದನಿ. ಮ್ಯಾಪ್ ಸೆಟ್ಟಿಂಗ್ಸ್, ನ್ಯಾವಿಗೇಶನ್, ‘ವಾಯ್ಸ್ ಸೆಲೆಕ್ಷನ್’ನಲ್ಲಿ ಕನ್ನಡ ಆರಿಸಿ. ನೆಟ್ ಹೋದಾಗ ದನಿ ನಿಂತರೆ ಫೋನಿನ ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್‌ನಲ್ಲಿ ಕನ್ನಡದ ವಾಯ್ಸ್ ಡೇಟಾ ಇಳಿಸಿಕೊಳ್ಳಿ. ದನಿ ಸಣ್ಣದಾಗಿದ್ದರೆ ಅದು ಮಾತಾಡುತ್ತಿರುವಾಗಲೇ ವಾಲ್ಯೂಮ್ ತಿರುಗಿಸಿ. ಹಾಡಿನ ವಾಲ್ಯೂಮ್ ಬೇರೆ, ಅದರದೇ ಬೇರೆ. ಹಾಡು ಬರುವಾಗ ಎಷ್ಟು ತಿರುಗಿಸಿದರೂ ದಾರಿ ಹೇಳುವ ದನಿ ಏರುವುದಿಲ್ಲ.