ಹೆದರಿಸಿದರೆ ಲಸಿಕೆಗೆ ಬರುತ್ತಾರೆಯೇ?

ಪ್ರಶ್ನೆ: ನಾನು ಆರೋಗ್ಯ ಸ್ವಯಂಸೇವಕಿ. ದಡಾರ ಲಸಿಕೆಯ ಕರಪತ್ರ ಹಂಚಿದ್ದೇವೆ, ಮನೆಮನೆಗೂ ಹೋಗಿ ಹೇಳಿದ್ದೇವೆ. ‘ಆಯಿತು, ಬರುತ್ತೇವೆ’ ಎಂದವರಲ್ಲೇ ಅನೇಕರು ಬರುವುದಿಲ್ಲ. ಕೆಲವರಿಗೆ ಮಗುವಿಗೆ ಆಟಿಸಂ ಬಂದೀತೆಂಬ ಭಯ. ಪೋಸ್ಟರಿನಲ್ಲಿ ರೋಗದಿಂದ ನರಳುವ ಮಕ್ಕಳ ಚಿತ್ರ ಹಾಕಿದರೆ ಹೇಗೆ?

ಉತ್ತರ: ಬೇಡ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಅಂಥ ಚಿತ್ರ ನೋಡಿದ ಪೋಷಕರಲ್ಲಿ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ತಪ್ಪು ನಂಬಿಕೆ ತಗ್ಗುವ ಬದಲು ಹೆಚ್ಚಿತು. ಭಯವನ್ನು ಎಬ್ಬಿಸುವುದು ಸುಲಭ, ಅದು ಯಾವ ಕಡೆಗೆ ಓಡುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಬಗೆಯ ಜನರಿದ್ದಾರೆ. ‘ಬರುತ್ತೇವೆ’ ಎಂದವರು ಸುಳ್ಳು ಹೇಳಿದವರಲ್ಲ. ಅವರಿಗೆ ಇನ್ನಷ್ಟು ಉಪದೇಶವೂ ಬೇಕಾಗಿಲ್ಲ. 1965ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಕರಪತ್ರ ಕೊಟ್ಟರು. ಭೀಕರ ವಿವರಗಳಿದ್ದ ಕರಪತ್ರ ಓದಿದವರು ಲಸಿಕೆ ಬೇಕೆಂದು ಒಪ್ಪಿದರು, ಆದರೆ ಒಪ್ಪಿದ್ದಷ್ಟೇ. ಬರಿಯ ಕರಪತ್ರ ಪಡೆದವರಲ್ಲಿ ಲಸಿಕೆ ಹಾಕಿಸಿಕೊಂಡವರು ಸುಮಾರು ಶೇ 3. ಆರೋಗ್ಯ ಕೇಂದ್ರವನ್ನು ಗುರುತಿಸಿದ ನಕ್ಷೆ ಕೊಟ್ಟು, ವಾರದ ವೇಳಾಪಟ್ಟಿ ನೋಡಿ ಹೋಗುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ ಎಂದಾಗ ಅದು ಶೇ 28ಕ್ಕೆ ಏರಿತು. ಅವರೆಲ್ಲ ಕೊನೆಯ ವರ್ಷದ ವಿದ್ಯಾರ್ಥಿಗಳು. ಆ ಕಟ್ಟಡ ಎಲ್ಲಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೇ! 2021ರಲ್ಲಿ ಪ್ರಕಟವಾದ ಫ್ಲೂ ಲಸಿಕೆಯ ದೊಡ್ಡ ಪ್ರಯೋಗದಲ್ಲಿಯೂ ಗೆದ್ದದ್ದು ‘ನಿಮಗಾಗಿ ಲಸಿಕೆ ಕಾಯ್ದಿರಿಸಲಾಗಿದೆ’ ಎಂಬ ಸಪ್ಪೆ ಮೊಬೈಲ್ ಸಂದೇಶ. ಆದ್ದರಿಂದ ಕರಪತ್ರದಲ್ಲಿ ದಿನ, ಹೊತ್ತು, ಜಾಗ ದಪ್ಪಕ್ಷರದಲ್ಲಿರಲಿ. ಹಿಂದಿನ ದಿನ ಒಮ್ಮೆ ನೆನಪಿಸಿ. ‘ಅನೇಕರು ಲಸಿಕೆ ಹಾಕಿಸಿಲ್ಲ’ ಎಂದು ಮಾತ್ರ ಬರೆಯಬೇಡಿ. ಹಾಕಿಸದಿರುವುದೇ ವಾಡಿಕೆ ಎಂದು ಓದುಗರು ತಿಳಿದಾರು.

ಅನುಮಾನಪಡುವವರ ವಿಷಯ ಬೇರೆ. ಅವರಿಗೆ ಪೋಸ್ಟರು ಸಾಲದು, ಮಾತು ಬೇಕು. ‘ನಿಮಗೆ ಯಾವುದರ ಚಿಂತೆ?’ ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡ ಮೇಲೆ, ‘ನನಗೆ ತಿಳಿದದ್ದನ್ನು ಹೇಳಲೇ?’ ಎಂದು ಒಪ್ಪಿಗೆ ಪಡೆದು ಹೇಳಿ. ಆಟಿಸಂ ಮಾತು ಹಬ್ಬಿದ್ದು 1998ರ ಒಂದು ಪ್ರಬಂಧದಿಂದ. ಕೇವಲ 12 ಮಕ್ಕಳನ್ನು ಆಧರಿಸಿದ್ದ ಅದನ್ನು, ಪ್ರಕಟಿಸಿದ್ದ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು. ಲಕ್ಷಾಂತರ ಮಕ್ಕಳ ಮೇಲಿನ ಅಧ್ಯಯನಗಳಲ್ಲಿ ಅಂಥ ನಂಟು ಕಂಡುಬಂದಿಲ್ಲ. ಲಸಿಕೆಯ ನಂತರ ಜ್ವರವೋ ಸಣ್ಣ ಗುಳ್ಳೆಗಳೋ ಕಾಣಿಸಬಹುದು ಎಂಬುದನ್ನೂ ಮುಚ್ಚಿಡಬೇಡಿ. ನೀವು ಹೇಳದೆ ಬಿಟ್ಟ ಜ್ವರ ಮರುವಾರ ಬಂದರೆ, ಮುಂದಿನ ಡೋಸಿಗೆ ಆ ಮನೆಯ ಬಾಗಿಲು ತೆರೆಯುವುದಿಲ್ಲ.